ಕೆಂಡದ ಮೇಲೆ ಸಾತೇ ಮರಂಗಿ

ಸಾತೇ, ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸದ ತುಂಡುಗಳು, ಎಂದೊಡನೆ ಹಲವರಿಗೆ ಕಡಲೆಕಾಯಿಯ ಸಾಸ್ ನೆನಪಾಗುತ್ತದೆ. ಆದರೆ ಇಂಡೋನೇಷ್ಯಾದ ಪಶ್ಚಿಮ ಜಾವಾದಲ್ಲಿ, ಜಕಾರ್ತದ ಆಗ್ನೇಯಕ್ಕಿರುವ ಪುರ್ವಕಾರ್ತದಲ್ಲಿ ಹೆಸರಾದ ಸಾತೇ ಮರಂಗಿಗೆ ಅದರ ಹಂಗಿಲ್ಲ. ಇದರ ರುಚಿ ಬಹುಮಟ್ಟಿಗೆ ಸುಡುವ ಮೊದಲೇ ಮಾಂಸಕ್ಕೆ ಹಿಡಿದಿರುತ್ತದೆ. ಕೊತ್ತಂಬರಿ ಬೀಜ, ಹುಣಸೆ, ಬೆಲ್ಲ ನಮ್ಮ ಅಡುಗೆಮನೆಯಲ್ಲಿಯೂ ಇರುವುದರಿಂದ, ಹೊಸದಾಗಿ ತರಬೇಕಾದದ್ದು ಕೆಚಾಪ್ ಮಾನಿಸ್ ಎಂಬ ಸಿಹಿ ಸೋಯಾ ಸಾಸ್ ಒಂದನ್ನೇ. ಅದು ಸಿಗದಿದ್ದರೆ ಸಾಮಾನ್ಯ ಸೋಯಾ ಸಾಸಿಗೆ ಸಮಪ್ರಮಾಣದ ತಾಳೆಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ಪಾಕದಂತೆ ಅಂಟಾಗುವವರೆಗೆ ಕುದಿಸಿಕೊಳ್ಳಬಹುದು.

ಅರ್ಧ ಕಿಲೋ ಮೂಳೆಯಿಲ್ಲದ ಬೀಫನ್ನು ಎಳೆಗಳಿಗೆ ಅಡ್ಡಲಾಗಿ, 2 ಸೆಂ.ಮೀ. ಚೌಕಗಳಾಗಿ ಕತ್ತರಿಸಿರಿ, ಜೊತೆಗೆ ಸುಮಾರು 75 ಗ್ರಾಂ ಕೊಬ್ಬು ಇರಲಿ. ಕರ್ನಾಟಕದಲ್ಲಿ ಬೀಫ್ ಎಂದು ಸಿಗುವುದು ಸಾಮಾನ್ಯವಾಗಿ ಎಮ್ಮೆ ಅಥವಾ ಕೋಣದ ಮಾಂಸ. ಅದರಲ್ಲಿ ಕೊಬ್ಬು ಕಡಿಮೆ, ಎಳೆ ಒರಟು. ಆದ್ದರಿಂದ ಸುಡುವುದಕ್ಕೆ ಒಂದು ಗಂಟೆ ಮೊದಲು ಒಂದು ಚಮಚ ಹಸಿ ಪಪ್ಪಾಯಿಯನ್ನು ಅರೆದು ಬೆರೆಸುವುದು ಒಳ್ಳೆಯದು. ಅದಕ್ಕೂ ಮುಂಚೆ ಬೆರೆಸಿದರೆ ಮಾಂಸದ ಹೊರಮೈ ಹಿಟ್ಟುಹಿಟ್ಟಾಗುತ್ತದೆ.

ಒಂದೂವರೆ ದೊಡ್ಡ ಚಮಚ ಕೊತ್ತಂಬರಿ ಬೀಜವನ್ನು ಘಮ್ಮೆನ್ನುವಂತೆ ಹುರಿದು, ಆರು ಸಣ್ಣ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಮತ್ತು ಒಂದಿಂಚು ಶುಂಠಿಯೊಡನೆ ನುಣ್ಣಗೆ ಅರೆಯಿರಿ. ಇದಕ್ಕೆ ಎರಡು ದೊಡ್ಡ ಚಮಚ ತಾಳೆಬೆಲ್ಲ, ಒಂದು ದೊಡ್ಡ ಚಮಚ ಗಟ್ಟಿ ಹುಣಸೆರಸ, ಮೂರು ದೊಡ್ಡ ಚಮಚ ಸಿಹಿ ಸೋಯಾ ಸಾಸ್, ಮುಕ್ಕಾಲು ಚಮಚ ಉಪ್ಪು ಸೇರಿಸಿ, ಮಾಂಸಕ್ಕೆ ಚೆನ್ನಾಗಿ ತಿಕ್ಕಿ, ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಬಿಡಿರಿ. ಕೊತ್ತಂಬರಿ ಹೆಚ್ಚಾಯಿತೆಂದು ಕೈ ಹಿಡಿಯಬೇಡಿ, ಮರಂಗಿಯ ಗುರುತೇ ಅದು. ಬಿದಿರಿನ ಕಡ್ಡಿಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಪ್ರತಿ ಕಡ್ಡಿಗೂ ನಾಲ್ಕೈದು ತುಂಡು ಮಾಂಸ, ನಡುವೆ ಒಂದು ತುಂಡು ಕೊಬ್ಬು ಚುಚ್ಚಿರಿ.

ಎಡವುವುದು ಬೆಂಕಿಯ ಬಳಿ. ಬೆಲ್ಲ ಬೆರೆತ ಮಸಾಲೆ ಮಾಂಸ ಬೇಯುವ ಮೊದಲೇ ಸೀದುಹೋಗುತ್ತದೆ. ನನ್ನ ಮೊದಲ ಹತ್ತು ಕಡ್ಡಿಗಳು ಹೊರಗೆ ಇದ್ದಿಲಿನಂತೆ ಕಪ್ಪಾಗಿ, ಒಳಗೆ ಹಸಿಯಾಗಿಯೇ ಉಳಿದಿದ್ದವು. ಕರಟದ ಇದ್ದಿಲು ಹೊತ್ತಿ, ಜ್ವಾಲೆಯೆಲ್ಲ ಅಡಗಿ, ಕೆಂಡದ ಮೇಲೆ ಬೂದಿಯ ತೆಳುಪದರ ಕಾಣುವವರೆಗೆ ತಾಳ್ಮೆಯಿಂದ ಕಾಯಬೇಕು. ಕೆಂಡವನ್ನು ಒಂದು ಬದಿಗೆ ಒಟ್ಟಿ ಇನ್ನೊಂದು ಬದಿಯನ್ನು ಖಾಲಿ ಬಿಟ್ಟರೆ, ಕೊಬ್ಬು ತೊಟ್ಟಿಕ್ಕಿ ಉರಿ ಭುಗಿಲೆದ್ದಾಗ ಕಡ್ಡಿಗಳನ್ನು ಅತ್ತ ಸರಿಸಬಹುದು. ಸುಡುವ ಮುನ್ನ ಮಾಂಸಕ್ಕೆ ಅಂಟಿದ ಮಸಾಲೆಯ ಗಸಿಯನ್ನು ಬೆರಳಿನಿಂದ ಸವರಿ ತೆಗೆಯಿರಿ. ನಿಮಿಷಕ್ಕೊಮ್ಮೆ ತಿರುಗಿಸುತ್ತ ಆರರಿಂದ ಎಂಟು ನಿಮಿಷ ಸುಟ್ಟು, ಕೊನೆಯ ಒಂದು ನಿಮಿಷದಲ್ಲಿ ಮಾತ್ರ ಸಿಹಿ ಸೋಯಾ ಸಾಸಿಗೆ ತುಸು ಎಣ್ಣೆ ಬೆರೆಸಿ ಸವರಿದರೆ, ಅಂಚುಗಳು ಹೊಳೆಯುತ್ತ ಅಲ್ಲಲ್ಲಿ ಕಂದುಗಪ್ಪಾಗುತ್ತವೆ. ಹಸಿ ಮಾಂಸ ನೆನೆದ ಮಸಾಲೆಯನ್ನು ಇದಕ್ಕೆ ಬಳಸಲೇಬಾರದು. ಥರ್ಮಾಮೀಟರ್ ಇದ್ದವರು ಒಳಗಿನ ಶಾಖ 63 ಡಿಗ್ರಿ ಸೆಲ್ಸಿಯಸ್ ದಾಟಿರುವುದನ್ನು ನೋಡಿಕೊಂಡು, ಇಳಿಸಿದ ಮೇಲೆ ಮೂರು ನಿಮಿಷ ಬಿಡಲಿ.

ಜೊತೆಗೆ ನೆಂಚಿಕೊಳ್ಳಲು ಟೊಮೇಟೊ ಸಂಬಾಲ್: ಟೊಮೇಟೊ, ಹಸಿಮೆಣಸಿನಕಾಯಿ ಮತ್ತು ಸಣ್ಣ ಈರುಳ್ಳಿಯನ್ನು ಉಪ್ಪಿನೊಡನೆ ಒರಳಿನಲ್ಲಿ ತರಿತರಿಯಾಗಿ ಜಜ್ಜಿದರಾಯಿತು. ಇದನ್ನು ಬೇಯಿಸುವುದು ಬೇಡ. ಸಿಹಿ ಮಾಂಸಕ್ಕೆ ಆ ಹಸಿ ಖಾರ, ಹುಳಿಯೇ ಸರಿಜೋಡಿ.