ಪೇಮೆಂಟ್ ಪ್ರೊಸೆಸರ್ ಬದಲಿಸಿ, ಗ್ರಾಹಕರ ಕಾರ್ಡ್ ಕಳೆದುಕೊಳ್ಳಬೇಡಿ

ಗ್ರಾಹಕರ ಕಾರ್ಡ್‌ನಿಂದ ನಿಮಗೆ ಹಣ ತಲುಪಿಸುವ ಕಂಪನಿಯೇ ಪೇಮೆಂಟ್ ಪ್ರೊಸೆಸರ್. ಅದನ್ನು ಬದಲಿಸಬೇಕು ಅಂದ ಕೂಡಲೇ ಬರುವ ಭಯ ಒಂದೇ. ಗ್ರಾಹಕರೆಲ್ಲ ಮತ್ತೆ ಕಾರ್ಡ್ ನಂಬರ್ ತುಂಬಬೇಕಾ? ಬೇಕಿಲ್ಲ, ದಯವಿಟ್ಟು ಕೇಳಲೂ ಬೇಡಿ. ತಿಂಗಳಾ ತಿಂಗಳು ತಾನಾಗಿ ಹಣ ಕಟ್ಟುತ್ತಿದ್ದವರ ಮುಂದೆ ಮತ್ತೆ ಫಾರ್ಮ್ ಇಟ್ಟರೆ, ಒಂದಷ್ಟು ಜನ ನಾಳೆ ತುಂಬೋಣ ಅಂತ ಹೋದವರು ವಾಪಸ್ ಬರುವುದೇ ಇಲ್ಲ.

ನಿಮ್ಮ ಡೇಟಾಬೇಸ್‌ನಲ್ಲಿ ಇರುವುದು ಕಾರ್ಡ್ ನಂಬರ್ ಅಲ್ಲ, ಟೋಕನ್. ಲಗೇಜ್ ಇಟ್ಟಾಗ ಕೊಡುವ ಚೀಟಿ ಇದ್ದ ಹಾಗೆ, ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆ ನಡೆಯುವುದಿಲ್ಲ. ನಿಜವಾದ ನಂಬರ್ ಹಳೆಯ ಪ್ರೊಸೆಸರ್ ಹತ್ತಿರ ಇದೆ (ದೇಶದೊಳಗಿನ ಪಾವತಿಗೆ ಬಳಸುವ ಭಾರತದ ಕಾರ್ಡ್‌ಗಳಿಗೆ ಇದು ಅನ್ವಯಿಸುವುದಿಲ್ಲ, 2022ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದಂತೆ ಅವುಗಳ ನಂಬರನ್ನು ಪ್ರೊಸೆಸರ್ ಇಟ್ಟುಕೊಳ್ಳುವಂತಿಲ್ಲ). ಅದು ಅಲ್ಲಿಂದ ನೇರ ಹೊಸ ಪ್ರೊಸೆಸರ್‌ಗೇ ಹೋಗಬೇಕು. ನಿಮ್ಮ ಮೇಲ್‌ಗೋ ಲ್ಯಾಪ್‌ಟಾಪ್‌ಗೋ ಬಂದರೆ ಪಿಸಿಐ ಡಿಎಸ್‌ಎಸ್ (ಕಾರ್ಡ್ ಡೇಟಾ ಭದ್ರತೆಯ ಮಾನದಂಡ) ನಿಯಮಗಳ ಭಾರವೆಲ್ಲ ನಿಮ್ಮ ತಲೆ ಮೇಲೆ ಬೀಳುತ್ತದೆ.

ಹೊಸಬರ ಜೊತೆ ಸಹಿ ಹಾಕುವ ಮೊದಲೇ ಹಳೆಯ ಒಪ್ಪಂದ ತೆಗೆದು, ಬಿಟ್ಟು ಹೋಗುವಾಗ ಕಾರ್ಡ್ ಡೇಟಾ ಕೊಡುತ್ತಾರಾ ಅಂತ ಓದಿ. ಸಾಮಾನ್ಯವಾಗಿ ಹಳೆಯವರು ಹೊಸಬರ ಪಿಸಿಐ ದೃಢೀಕರಣ ಪತ್ರ ಕೇಳುತ್ತಾರೆ. ಹೊಸಬರು ಪಿಜಿಪಿ ಕೀ (ತಾವು ಮಾತ್ರ ತೆರೆಯುವ ಹಾಗೆ ಫೈಲ್‌ಗೆ ಬೀಗ ಹಾಕುವ ಕೀಲಿ) ಕೊಡುತ್ತಾರೆ, ಅದರಲ್ಲಿ ಎನ್‌ಕ್ರಿಪ್ಟ್ ಆದ ಫೈಲ್ ಎಸ್‌ಎಫ್‌ಟಿಪಿ (ಫೈಲ್ ಸುರಕ್ಷಿತವಾಗಿ ಕಳಿಸುವ ವಿಧಾನ) ಮೂಲಕ ಹೋಗುತ್ತದೆ. ಇದಕ್ಕೆ ವಾರಗಟ್ಟಲೆ ಹಿಡಿಯಬಹುದು. ಫೈಲ್‌ನಲ್ಲಿ ಎಕ್ಸ್‌ಪೈರಿ, ಹೆಸರು, ವಿಳಾಸದ ಜೊತೆ ನೆಟ್‌ವರ್ಕ್ ಟ್ರಾನ್ಸಾಕ್ಷನ್ ಐಡಿಯನ್ನೂ ಕೇಳಿ. ಗ್ರಾಹಕರು ಮೊದಲ ಸಲ ಒಪ್ಪಿ ಹಣ ಕೊಟ್ಟ ವ್ಯವಹಾರದ ಗುರುತು ಅದು. ಇಲ್ಲದಿದ್ದರೆ ಅವರು ಎದುರಿಗಿಲ್ಲದೆ ಮಾಡುವ ವಸೂಲಿಯನ್ನು ಬ್ಯಾಂಕ್ ತಿರಸ್ಕರಿಸುವ ಸಾಧ್ಯತೆ ಜಾಸ್ತಿ. ಸಿವಿವಿ ಮಾತ್ರ ಬರುವುದಿಲ್ಲ, ಅದನ್ನು ಇಟ್ಟುಕೊಳ್ಳಲು ಯಾವ ಪ್ರೊಸೆಸರ್‌ಗೂ ಅನುಮತಿ ಇಲ್ಲ. ಆಪಲ್ ಪೇ, ಗೂಗಲ್ ಪೇ ಮೂಲಕ ಬಂದ ಕಾರ್ಡ್‌ಗಳು ವರ್ಗ ಆಗದೇ ಇರಬಹುದು. ಆ ಪಟ್ಟಿ ಬೇರೆ ಮಾಡಿ, ಅವರನ್ನಷ್ಟೇ ಮತ್ತೆ ಕೇಳಿ.

ಆಮದು ಮುಗಿದ ಮೇಲೆ ಹೊಸಬರು ಹಳೆಯ ಐಡಿಗೆ ಹೊಸ ಟೋಕನ್ ಜೋಡಿಸಿದ ಫೈಲ್ ಕೊಡುತ್ತಾರೆ. ಸುಮ್ನೆ ಒಂದು ಸಲ ನೋಡೋಣ ಅಂತ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ಸರಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. 1000200030004567 ಅನ್ನುವ ಐಡಿ 1000200030004560 ಆಗುತ್ತದೆ, ಪಕ್ಕದ 4568 ಕೂಡ ಅದೇ ಆಗುತ್ತದೆ. ಒಬ್ಬರ ಬಿಲ್ ಇನ್ನೊಬ್ಬರ ಕಾರ್ಡ್‌ಗೆ ಬಿದ್ದರೆ ಆ ನಂಬಿಕೆ ಮತ್ತೆ ಗಳಿಸುವುದು ಕಷ್ಟ ಅಲ್ವಾ? ಸ್ಕ್ರಿಪ್ಟ್ ಬರೆದು ಹೊಸ ಟೋಕನ್ ಬೇರೆ ಕಾಲಮ್‌ಗೆ ಹಾಕಿ. ಹಳೆಯದನ್ನು ಅಳಿಸಬೇಡಿ. ಕಾರ್ಡಿನ ಕೊನೆಯ 4 ಅಂಕಿ ಮತ್ತು ಎಕ್ಸ್‌ಪೈರಿ ಎರಡೂ ಕಡೆ ಹೊಂದುತ್ತವೆಯೇ ಅಂತ ತಾಳೆ ನೋಡಿ.

ಜಾಸ್ತಿ ಜನ ಎಡವುವುದು ನಡುವಿನ ದಿನಗಳಲ್ಲಿ. ಸೋಮವಾರ ಫೈಲ್ ತೆಗೆದರು, ಶುಕ್ರವಾರ ಆಮದು ಮುಗಿಯಿತು ಅಂದುಕೊಳ್ಳಿ. ಮಂಗಳವಾರ ಕಾರ್ಡ್ ಸೇರಿಸಿದವರು ಆ ಫೈಲ್‌ನಲ್ಲಿ ಇರುವುದೇ ಇಲ್ಲ. ಎರಡನೇ ಸಲ ಚಿಕ್ಕ ಫೈಲ್ ತರಿಸಬಹುದು. ನನ್ನ ಪ್ರಕಾರ, ಫೈಲ್ ತೆಗೆಯುವ ಹಿಂದಿನ ದಿನದಿಂದಲೇ ಹೊಸ ಕಾರ್ಡ್‌ಗಳನ್ನೆಲ್ಲ ಹೊಸ ಪ್ರೊಸೆಸರ್‌ನಲ್ಲಿ ಉಳಿಸುವುದು ಒಳ್ಳೆಯದು. ಬುಧವಾರ ಕಾರ್ಡ್ ತೆಗೆದುಹಾಕಿದವರನ್ನೂ ಮರೆಯಬೇಡಿ. ಅವರು ಬೇಡ ಅಂದ ಕಾರ್ಡ್ ಆಮದಿನಲ್ಲಿ ಮತ್ತೆ ಜೀವ ಪಡೆಯಬಾರದು.

ಚಂದಾದ ವೇಳಾಪಟ್ಟಿ ಹಳೆಯ ಪ್ರೊಸೆಸರ್‌ನಲ್ಲೇ ಓಡುತ್ತಿದ್ದರೆ, ಕಾರ್ಡ್ ಜೊತೆ ಅದು ತಾನಾಗಿ ಬರುವುದಿಲ್ಲ. ಅಲ್ಲಿ ನಿಲ್ಲಿಸಿ, ಮುಂದಿನ ವಸೂಲಿ ದಿನಾಂಕ ನೋಡಿ ಇಲ್ಲಿ ಶುರು ಮಾಡಿ. ಎರಡೂ ಓಡಿದರೆ ಎರಡೆರಡು ಸಲ ಹಣ ಕಡಿತ ಆಗುತ್ತದೆ. ಮೊದಲು ಕೆಲವೇ ಗ್ರಾಹಕರನ್ನು ದಾಟಿಸಿ, ವಿಫಲವಾಗುವ ಪಾವತಿ ಹಿಂದಿನಷ್ಟೇ ಇದೆಯಾ ನೋಡಿ, ಆಮೇಲೆ ಉಳಿದವರು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾಣುವ ಹೆಸರು ಬದಲಾದರೆ ಮುಂಚೆಯೇ ಮೇಲ್ ಮಾಡಿ.

ಹಳೆಯ ಖಾತೆ ತಕ್ಷಣ ಮುಚ್ಚಬೇಡಿ. ಹಳೆಯ ಪಾವತಿಯ ರೀಫಂಡ್ ಅಲ್ಲಿಂದಲೇ ಹೋಗಬೇಕು, ಚಾರ್ಜ್‌ಬ್ಯಾಕ್ (ಗ್ರಾಹಕರು ತಮ್ಮ ಬ್ಯಾಂಕ್ ಮೂಲಕ ಹಣ ವಾಪಸ್ ಕೇಳುವುದು) ಸಾಮಾನ್ಯವಾಗಿ 120 ದಿನದವರೆಗೆ ಬರಬಹುದು. ನಾನಾದರೆ 6 ತಿಂಗಳು ಇಟ್ಟುಕೊಂಡು, ಕಾರ್ಡ್ ಡೇಟಾ ಅಳಿಸಿದ್ದೇವೆ ಅಂತ ಅವರಿಂದ ಬರಹದಲ್ಲಿ ಪಡೆದೇ ಮುಚ್ಚುತ್ತೇನೆ.