ಹಾರ್ಟ್‌ಬ್ಲೀಡ್ ಸರಿಪಡಿಸುವಾಗ ಪಾಸ್‌ವರ್ಡ್ ಕೊನೆಗೆ ಬದಲಿಸಿ

ಶಿರಸಿಯ ಅಡಿಕೆ ಬೆಳೆಗಾರರ ಸಂಘವೊಂದರ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಸದಸ್ಯರು ಮೊಬೈಲಿನಲ್ಲಿ ಖಾತೆ ನೋಡಲು ಬಳಸುವ ಹಳೆಯ ಸರ್ವರಿನಲ್ಲಿ ಕಳೆದ ಮಳೆಗಾಲದಲ್ಲಿ, ಜಾಲದ ಸಂಪರ್ಕವನ್ನು ಗುಟ್ಟಾಗಿಡುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ 1.0.1ಇ ಆವೃತ್ತಿ ಕಂಡು ಎದೆ ಧಸಕ್ಕೆಂದಿತು. 2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್ ದೋಷ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿದೆ.

ದೋಷ ಇಷ್ಟೇ. ಒಬ್ಬರು ಗೋದಾಮಿಗೆ ಒಂದು ಕಿಲೋ ಚಾಲಿ ಅಡಿಕೆ ತಂದು ಚೀಟಿಯಲ್ಲಿ ಅರವತ್ತು ಕಿಲೋ ಎಂದು ಬರೆಯುತ್ತಾರೆ. ತೂಗದೆ ಚೀಟಿ ನಂಬಿದ ಗುಮಾಸ್ತ, ಮರಳಿ ಕೊಡುವಾಗ ಪಕ್ಕದವರ ಚೀಲದಿಂದ ಅಳೆದು ಕೊಡುತ್ತಾನೆ. ಸರ್ವರ್ ಕೂಡ ಹೀಗೆಯೇ, ಸಂದೇಶ ಕಳಿಸಿದವರು ಹೇಳಿದ ಉದ್ದವನ್ನು ನಂಬಿ, ಪ್ರತಿ ಸಲ 64 ಕಿಲೋಬೈಟ್‌ವರೆಗೆ ತನ್ನ ಸ್ಮೃತಿಯಲ್ಲಿದ್ದುದನ್ನು ಕೊಟ್ಟುಬಿಡುತ್ತದೆ. ಹೋಗುವುದು ನಕಲು ಮಾತ್ರ; ಚೀಲ ಬರಿದಾಗುವುದಿಲ್ಲ, ಸರ್ವರಿನ ಸಾಮಾನ್ಯ ದಾಖಲೆಯಲ್ಲಿ (ಲಾಗ್) ಗುರುತೂ ಉಳಿಯುವುದಿಲ್ಲ. ಆದ್ದರಿಂದ ‘ನಮ್ಮಲ್ಲಿ ಏನೂ ಕಳುವಾಗಿಲ್ಲ’ ಎಂಬ ಮಾತಿಗೆ ನಾನು ಒಪ್ಪುವುದಿಲ್ಲ.

ಮೊದಲು ಪರೀಕ್ಷಿಸಿ. ಆವೃತ್ತಿ ತೋರಿಸುವ ಆಜ್ಞೆಗೆ (openssl version) ‘-a’ ಸೇರಿಸಿದರೆ ತಂತ್ರಾಂಶ ಸಿದ್ಧವಾದ ದಿನಾಂಕವೂ ಕಾಣುತ್ತದೆ. ಡೆಬಿಯನ್‌ನಂಥ ಕಾರ್ಯಾಚರಣೆ ವ್ಯವಸ್ಥೆಗಳು ಆವೃತ್ತಿಯ ಹೆಸರು ಬದಲಿಸದೆಯೇ ತೇಪೆ ಹಾಕಿದ್ದರಿಂದ ಹೆಸರಿನ ಕೊನೆಯ ಅಕ್ಷರವೊಂದನ್ನೇ ನಂಬಬೇಡಿ. ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲಿ ಈ ದೋಷದ ಅಧಿಕೃತ ಸಂಖ್ಯೆಯಾದ ಸಿವಿಇ-2014-0160 (CVE-2014-0160) ಇದೆಯೇ ನೋಡಿ. ನಮ್ಮದರ ದಿನಾಂಕ 2013ರದ್ದಾಗಿತ್ತು, ಅಂದರೆ ತೇಪೆ ಬರುವ ಮೊದಲಿನದು.

1.0.1ಜಿ ಆವೃತ್ತಿಯಲ್ಲಿ ದೋಷ ಸರಿಯಾಯಿತು. ಆದರೆ 1.0.1 ಸರಣಿಗೆ 2016ರ ಕೊನೆಗೇ ಬೆಂಬಲ ನಿಂತಿರುವುದರಿಂದ ಇಡೀ ಕಾರ್ಯಾಚರಣೆ ವ್ಯವಸ್ಥೆಯನ್ನೇ ಹೊಸದಾಗಿಸಿ. ಬಳಿಕ ಯಂತ್ರವನ್ನು ಮರುಚಾಲನೆ ಮಾಡಿ, ಇಲ್ಲದಿದ್ದರೆ ಓಡುತ್ತಿರುವ ಸೇವೆಗಳು ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತವೆ.

ಇನ್ನು ಕೀಲಿ, ಅಂದರೆ ಸರ್ವರ್ ಗುಟ್ಟಾಗಿ ಇಟ್ಟುಕೊಳ್ಳುವ ಸಂಕೇತ. ಸರ್ವರಿನ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರವನ್ನು ಹೊಸದಾಗಿ ಪಡೆದು ಹಳೆಯ ಖಾಸಗಿ ಕೀಲಿಯನ್ನೇ ಉಳಿಸಿಕೊಂಡರೆ ಕೆಲಸವೆಲ್ಲ ವ್ಯರ್ಥ. ಕೀಲಿಯೇ ಸೋರಿಹೋಗಿರಬಹುದು. ಹೊಸ ಕೀಲಿ ಸೃಷ್ಟಿಸಿ, ಅದರಿಂದಲೇ ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಅದನ್ನು ಅಳವಡಿಸಿದ ಮೇಲೆ ಹಳೆಯದನ್ನು ರದ್ದು ಮಾಡಿಸಿ. ಲಾಗಿನ್ ಆಗಿರುವ ಎಲ್ಲರನ್ನೂ ಹೊರಗೆ ಹಾಕಿ.

ಪಾಸ್‌ವರ್ಡ್ ಬದಲಾವಣೆ ಇದೆಲ್ಲ ಮುಗಿದ ಮೇಲೆ. ನಮ್ಮ ಕಾರ್ಯದರ್ಶಿಯವರು ಗಾಬರಿಯಲ್ಲಿ ಮೊದಲ ದಿನವೇ ತಮ್ಮದನ್ನು ಬದಲಿಸಿದ್ದರು. ತೂತು ಹಾಗೆಯೇ ಇತ್ತು, ಹೊಸ ಪಾಸ್‌ವರ್ಡೂ ಅದೇ ಸ್ಮೃತಿಗೆ ಹೋಗಿ ಕುಳಿತಿತ್ತು. ಅವರಿಂದ ಎರಡನೆಯ ಸಲ ಬದಲಾವಣೆ ಮಾಡಿಸಿದೆ. ಸದಸ್ಯರಿಗೆ ಕಳಿಸಿದ ಸಂದೇಶದಲ್ಲಿ, ಅದೇ ಪಾಸ್‌ವರ್ಡ್ ಇಮೇಲಿಗೋ ಬ್ಯಾಂಕಿಗೋ ಇಟ್ಟಿದ್ದರೆ ಅಲ್ಲಿಯೂ ಬದಲಿಸಿ ಎಂದು ಬರೆದೆ.