ಬೈಕ್ ಆಯಿಲ್ ಲ್ಯಾಬಿನಲ್ಲಿ ಏನೇನು ದಾಟಿ ಬರುತ್ತದೆ, ಅದನ್ನು ನೋಡಿ ನೀವು ಆರಿಸುವುದು ಹೇಗೆ

ಯಾವ ಆಯಿಲ್ ಒಳ್ಳೆಯದು ಅಂತ ಯಾರೇ ಕೇಳಲಿ, ಬ್ರ್ಯಾಂಡಿನ ಹೆಸರು ಹೇಳುವ ಅಭ್ಯಾಸ ನನಗಿಲ್ಲ. ಲೂಬ್ರಿಕೆಂಟ್ ಲ್ಯಾಬಿನಲ್ಲಿ ಬೈಕ್ ಆಯಿಲ್‌ಗಳ ಪರೀಕ್ಷೆ ನೋಡಿಕೊಳ್ಳುವುದು ನನ್ನ ಕೆಲಸ. ಡಬ್ಬದ ಮುಂದೆ ದಪ್ಪಕ್ಷರದಲ್ಲಿ ಇರುವ ಮಾತಿಗೂ ಒಳಗಿನ ಆಯಿಲ್ ದಾಟಿ ಬಂದ ಪರೀಕ್ಷೆಗಳಿಗೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ. ಡಬ್ಬವನ್ನು ಹಿಂದಕ್ಕೆ ತಿರುಗಿಸಿ, ಆಮೇಲೆ ಕಂಪನಿಯ ಡೇಟಾ ಶೀಟ್, ಅಂದರೆ ಆಯಿಲಿನ ಅಳತೆಗಳ ಪಟ್ಟಿ, ತೆಗೆದು ಎದುರಿಗಿಟ್ಟುಕೊಳ್ಳಿ ಅನ್ನುತ್ತೇನೆ. ಅದರಲ್ಲಿರುವ ಒಂದೊಂದು ಅಂಕಿಯ ಹಿಂದೆಯೂ ಒಂದು ಯಂತ್ರ, ಒಂದು ತಾಪಮಾನ, ಒಂದಿಷ್ಟು ಗಂಟೆಗಳ ಕೆಲಸ ಇದೆ. ಅದು ಗೊತ್ತಾದರೆ ಆಯ್ಕೆ ಕಷ್ಟವಲ್ಲ.

ಮೊದಲು ಬೈಕ್ ಆಯಿಲ್ ಯಾಕೆ ಬೇರೆ ಅನ್ನುವುದು ತಿಳಿದಿರಲಿ. ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ ಎಂಜಿನ್ ಆಯಿಲ್‌ಗೆ ಎಂಜಿನ್ ಒಂದರ ಜವಾಬ್ದಾರಿ. ಗೇರ್‌ಬಾಕ್ಸಿಗೆ ಬೇರೆ ಆಯಿಲ್, ಕ್ಲಚ್ ಸಾಮಾನ್ಯವಾಗಿ ಒಣ ಕ್ಲಚ್. ಹೆಚ್ಚಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಮಾತ್ರ ಎಂಜಿನ್, ಕ್ಲಚ್, ಗೇರ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಎಂಜಿನ್ನಿಗೆ ಜಾರಬೇಕು, ಕ್ಲಚ್ಚಿಗೆ ಹಿಡಿಯಬೇಕು. ಗೇರಿನ ಹಲ್ಲುಗಳಂತೂ ತಿರುಗಿದಷ್ಟೂ ಆಯಿಲನ್ನು ಅರೆಯುತ್ತವೆ. ಈ ಮೂವರನ್ನೂ ಒಪ್ಪಿಸುವ ಚೌಕಾಸಿಯೇ ಬೈಕ್ ಆಯಿಲ್ ತಯಾರಿಕೆ.

ಚೌಕಾಸಿ ಶುರುವಾಗುವುದು ಬೇಸ್ ಆಯಿಲಿನಿಂದ. ಬೇಸ್ ಆಯಿಲ್ ಅಂದರೆ ಬೇರೇನೂ ಬೆರೆಸುವ ಮೊದಲಿನ ಮೂಲ ಎಣ್ಣೆ. ಎಪಿಐ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಇವುಗಳನ್ನು ಐದು ಗುಂಪು ಮಾಡಿದೆ. ಮೊದಲೆರಡು ಗುಂಪು ಮಿನರಲ್, ಮೂರನೆಯದು ಹೈಡ್ರೋಜನ್ ಬಳಸಿ ಇನ್ನಷ್ಟು ಶುದ್ಧ ಮಾಡಿದ್ದು, ನಾಲ್ಕನೆಯದು ಪಿಎಒ ಎಂಬ ಸಿಂಥೆಟಿಕ್ ಎಣ್ಣೆ; ಎಸ್ಟರ್ ಮುಂತಾದ ಉಳಿದವೆಲ್ಲ ಐದನೆಯದು. ಇದಕ್ಕೆ ಕೊಳೆ ತೊಳೆಯುವ ಡಿಟರ್ಜೆಂಟ್, ಮಸಿಯನ್ನು ತೇಲಿಸಿಟ್ಟುಕೊಳ್ಳುವ ಡಿಸ್ಪರ್ಸೆಂಟ್, ಆಯಿಲ್ ಕೆಡದಂತೆ ತಡೆಯುವ ಆಂಟಿಆಕ್ಸಿಡೆಂಟ್, ಸವೆತ ತಡೆಯುವ ಜಿಂಕ್-ರಂಜಕದ ಸಂಯುಕ್ತ, ಬಿಸಿಯಲ್ಲಿ ತೀರ ತೆಳುವಾಗದಂತೆ ನೋಡಿಕೊಳ್ಳುವ ಪಾಲಿಮರ್, ನೊರೆ ಒಡೆಯುವ ಸಿಲಿಕೋನ್ ಎಲ್ಲ ಸೇರುತ್ತವೆ. ಕೇಳುವುದಕ್ಕೆ ಸುಲಭ. ಆದರೆ ಲೋಹದ ಮೈಮೇಲೆ ಜಾಗ ಹಿಡಿಯಲು ಜಿಂಕ್ ಸಂಯುಕ್ತಕ್ಕೂ ಡಿಟರ್ಜೆಂಟಿಗೂ ಪೈಪೋಟಿ ನಡೆಯುತ್ತದೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದರ ಕೆಲಸ ಕುಂದುತ್ತದೆ. ರಂಜಕ ಕಡಿಮೆಯಾದರೆ ಎಂಜಿನ್ನಿನ ವಾಲ್ವ್ ತೆರೆಯುವ ಕ್ಯಾಮ್ ಸವೆಯುತ್ತದೆ, ಹೆಚ್ಚಾದರೆ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಹಾಳಾಗುತ್ತದೆ. ಬೈಕ್ ಆಯಿಲ್‌ಗಳ ಜಪಾನೀ ಮಾನದಂಡ ಜಾಸೋ ಟಿ 903 ಅದಕ್ಕೇ ರಂಜಕದ ಪ್ರಮಾಣವನ್ನು ಶೇ. 0.08ರಿಂದ 0.12ರ ಒಳಗೆ ಕಟ್ಟಿಹಾಕಿದೆ.

ಆಯಿಲಿಗೆ ಹೊರಗಿನಿಂದ ಇನ್ನೊಂದು ಬಾಟಲಿ ‘ಬೂಸ್ಟರ್’ ಸುರಿಯಬೇಡಿ ಅಂತ ನಾನು ಒತ್ತಿ ಹೇಳುವುದೂ ಇದಕ್ಕೇ. ಅಳೆದು ಸುರಿದು ಪರೀಕ್ಷೆ ಪಾಸು ಮಾಡಿಸಿದ ಮಿಶ್ರಣ ಅದು. ನೀವು ಸೇರಿಸಿದ ಮೇಲೆ ಆಗುವ ಮಿಶ್ರಣವನ್ನು ಯಾರೂ ಪರೀಕ್ಷಿಸಿಲ್ಲ.

ಡೇಟಾ ಶೀಟ್ ತೆರೆದರೆ ಮೊದಲು ಕಾಣುವುದು ಸ್ನಿಗ್ಧತೆ, ಅಂದರೆ ಆಯಿಲ್ ಎಷ್ಟು ಮಂದ ಅನ್ನುವುದು, 40 ಮತ್ತು 100 ಡಿಗ್ರಿಯಲ್ಲಿ. ಇದನ್ನು ಅಳೆಯುವ ಗಾಜಿನ ಕೊಳವೆ ನೋಡಲು ತೀರ ಸಾದಾ. ತಾಪಮಾನ ಕದಲದಂತೆ ಕಾಯ್ದ ತೊಟ್ಟಿಯಲ್ಲಿ ಅದನ್ನು ಇಳಿಬಿಟ್ಟು, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಆಯಿಲ್ ತನ್ನ ಭಾರಕ್ಕೆ ತಾನೇ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ನೋಡುತ್ತೇವೆ. 10ಡಬ್ಲ್ಯು-40 ಅನ್ನುವುದರಲ್ಲಿ 40 ಎಂದರೆ 100 ಡಿಗ್ರಿಯಲ್ಲಿ ಆ ಅಳತೆ 12.5ರಿಂದ 16.3 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಮಾನ) ನಡುವೆ ಇದೆ ಎಂದು ಅರ್ಥ. 30 ಎಂದರೆ 9.3ರಿಂದ 12.5. 50 ಎಂದರೆ 16.3ರಿಂದ 21.9. 10ಡಬ್ಲ್ಯು ಎಂಬುದು ಚಳಿಯ ಲೆಕ್ಕ: ಮೈನಸ್ 25 ಡಿಗ್ರಿಯಲ್ಲೂ ಎಂಜಿನ್ ತಿರುಗಿಸಲು ಆಗದಷ್ಟು ಆಯಿಲ್ ಗಟ್ಟಿಯಾಗಬಾರದು. ಯಾವ ಗ್ರೇಡ್ ಹಾಕಬೇಕು ಅನ್ನುವುದರಲ್ಲಿ ನನ್ನ ಮಾತನ್ನೂ ಕೇಳಬೇಡಿ, ಮೆಕ್ಯಾನಿಕ್ಕಿನ ಮಾತನ್ನೂ ಕೇಳಬೇಡಿ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಇರುವುದನ್ನೇ ಹಾಕಿ. ಆಯಿಲ್ ಪಂಪು, ಬೇರಿಂಗಿನ ಸಂದು ಎಲ್ಲವನ್ನೂ ಅದೇ ಲೆಕ್ಕದಲ್ಲಿ ಮಾಡಿರುತ್ತಾರೆ.

ಕ್ಲಚ್ ಪರೀಕ್ಷೆಯನ್ನು ಮಾತ್ರ ನಿಧಾನವಾಗಿ ನೋಡಿ

ಜಾಸೋ ಟಿ 903 ಬಂದದ್ದು 1998ರಲ್ಲಿ. ಇಂಧನ ಉಳಿತಾಯಕ್ಕಾಗಿ ಕಾರಿನ ಆಯಿಲ್‌ಗಳಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಸೇರತೊಡಗಿದ್ದವು. ಅಂಥ ಆಯಿಲನ್ನೇ ಬೈಕಿಗೆ ಸುರಿದರೆ ಕ್ಲಚ್ ಜಾರುತ್ತದೆ. ಕಾರು ಮತ್ತು ಬೈಕಿನ ಆಯಿಲ್‌ಗಳ ದಾರಿ ಬೇರೆಯಾದದ್ದು ಅಲ್ಲಿಂದ.

ಇದಕ್ಕೆ ಬಳಸುವ ಯಂತ್ರಕ್ಕೆ ಎಸ್‌ಎಇ ನಂ. 2 ಎಂದು ಹೆಸರು. ನನಗೆ ಲ್ಯಾಬಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಯಂತ್ರ ಅದು. ಒಂದು ಪೆಟ್ಟಿಗೆಯೊಳಗೆ ಕ್ಲಚ್ಚಿನ ಫ್ರಿಕ್ಷನ್ ಪ್ಲೇಟ್, ಉಕ್ಕಿನ ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿ, ಪರೀಕ್ಷಿಸಬೇಕಾದ ಆಯಿಲ್ ತುಂಬಿ ಬಿಸಿ ಮಾಡುತ್ತೇವೆ. ಮೋಟಾರು ಭಾರದ ಫ್ಲೈವೀಲನ್ನು ವೇಗವಾಗಿ ತಿರುಗಿಸುತ್ತದೆ. ಥಟ್ಟನೆ ಪ್ಲೇಟ್‌ಗಳು ಒತ್ತಿಕೊಳ್ಳುತ್ತವೆ, ಫ್ಲೈವೀಲ್ ನಿಲ್ಲುತ್ತದೆ. ಮತ್ತೆ ತಿರುಗುವುದು, ಮತ್ತೆ ನಿಲ್ಲುವುದು, ಹೀಗೆ ನೂರಾರು ಸಲ. ಪ್ರತಿ ಸಲವೂ ಪರದೆಯ ಮೇಲೆ ಟಾರ್ಕಿನ, ಅಂದರೆ ತಿರುಗಿಸುವ ಬಲದ, ಒಂದು ಗೆರೆ ಮೂಡುತ್ತದೆ. ಒಳ್ಳೆಯ ಆಯಿಲಿನ ಗೆರೆ ಏರಿ, ಸಮನಾಗಿ ಸಾಗಿ, ಕೊನೆಗೆ ಇಳಿಯುತ್ತದೆ. ಜಾರುವ ಆಯಿಲಿನ ಗೆರೆ ಕುಳ್ಳಾಗಿ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ, ಫ್ಲೈವೀಲ್ ತಡವಾಗಿ ನಿಲ್ಲುತ್ತದೆ. ಗೆರೆ ನೋಡಿದ ಕೂಡಲೇ ಅಂಕಿ ಬರುವ ಮೊದಲೇ ನನಗೆ ಅರ್ಧ ಉತ್ತರ ಸಿಕ್ಕಿರುತ್ತದೆ.

ಇದರಿಂದ ಮೂರು ಸೂಚ್ಯಂಕ ತೆಗೆಯುತ್ತಾರೆ. ಪ್ಲೇಟ್‌ಗಳು ಜಾರುತ್ತಿರುವಾಗಿನ ಘರ್ಷಣೆ ಒಂದು. ಕಚ್ಚಿ ನಿಂತ ಮೇಲೆ ಎಷ್ಟು ಟಾರ್ಕ್ ತಡೆಯುತ್ತದೆ ಅನ್ನುವುದು ಎರಡನೆಯದು. ನಿಲ್ಲಲು ಹಿಡಿದ ಸಮಯ ಮೂರನೆಯದು. ಇವು ನೇರ ಅಳತೆಗಳಲ್ಲ. ಹೆಚ್ಚು ಹಿಡಿತದ್ದೊಂದು, ಕಡಿಮೆ ಹಿಡಿತದ್ದೊಂದು ಮಾದರಿ ಆಯಿಲ್ ಇಟ್ಟುಕೊಂಡು ಅವುಗಳಿಗೆ ಹೋಲಿಸಿ ಹೇಳುವ ಸಂಖ್ಯೆಗಳು. ಇಂದಿನ ಪ್ಲೇಟ್‌ಗಳ ಗುಣ ನಾಳೆ ಕೊಂಚ ಬದಲಾದರೂ ಹೋಲಿಕೆ ಕೆಡದಿರಲಿ ಅಂತ ಈ ಏರ್ಪಾಡು.

ಮೂರೂ ಸೂಚ್ಯಂಕ ಮೇಲಿನ ಹಂತದಲ್ಲಿದ್ದರೆ ಎಂಎ2, ಮೂರೂ ಅದರ ಕೆಳಗಿನ ಹಂತದಲ್ಲಿದ್ದರೆ ಎಂಎ1, ಎರಡರಲ್ಲೂ ಹಂಚಿಹೋಗಿದ್ದರೆ ಬರೀ ಎಂಎ. ಕಡಿಮೆ ಘರ್ಷಣೆಯ ಆಯಿಲ್ ಎಂಬಿ. ಗೇರಿನ ಬೈಕಿಗೆ, ಅಂದರೆ ಆಯಿಲಿನಲ್ಲಿ ಮುಳುಗಿದ ಕ್ಲಚ್ ಇರುವುದಕ್ಕೆ, ಎಂಎ ಕುಟುಂಬದ್ದೇ ಆಗಬೇಕು. ಪುಸ್ತಕದಲ್ಲಿ ಎಂಎ2 ಅಂತ ಇದ್ದರೆ ಎಂಎ2 ಹಾಕಿ. ಬೆಲ್ಟ್ ಡ್ರೈವಿನ ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ ಒಣ, ಅಲ್ಲಿ ಎಂಬಿ ಹಾಕುವುದರಿಂದ ಲಾಭವೇ ಇದೆ. ಅದೇ ಡಬ್ಬ ಬೈಕಿಗೆ ಹೋಗಬಾರದು ಅಷ್ಟೆ. ಡಬ್ಬದ ಹಿಂದೆ ಜಾಸೋ ಚೌಕದೊಳಗೆ ನೋಂದಣಿ ಸಂಕೇತ, ಕಂಪನಿಯ ಹೆಸರು, ಎಂಎ ಅಥವಾ ಎಂಬಿ ಎಂಬ ದರ್ಜೆ ಇರುತ್ತದೆ. ‘ಜಾಸೋ ಗುಣಮಟ್ಟಕ್ಕೆ ಸಮ’ ಅನ್ನುವ ಒಕ್ಕಣೆ ಆ ಚೌಕಕ್ಕೆ ಬದಲಿ ಅಲ್ಲ. ಎಪಿಐ ಮುದ್ರೆಯಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ (ಇಂಧನ ಉಳಿಸುವಂಥದ್ದು) ಎಂದಿರುವ ಕಾರಿನ ಆಯಿಲನ್ನಂತೂ ಗೇರಿನ ಬೈಕಿನಿಂದ ದೂರವೇ ಇಡಿ.

ಗೇರು ಅರೆದ ಮೇಲೆ ಉಳಿಯುವುದೆಷ್ಟು

ಬಿಸಿಯಲ್ಲಿ ಆಯಿಲ್ ತೆಳುವಾಗದಂತೆ ಕಾಯುವ ಪಾಲಿಮರ್ ಅಣುಗಳು ಉದ್ದನೆಯ ದಾರದ ಹಾಗೆ. ಗೇರಿನ ಹಲ್ಲುಗಳ ಮಧ್ಯೆ ಸಿಕ್ಕು ಅವು ತುಂಡಾಗುತ್ತವೆ. ತುಂಡಾದದ್ದು ಮತ್ತೆ ಕೂಡುವುದಿಲ್ಲ. 40 ಗ್ರೇಡ್ ಅಂತ ಹಾಕಿದ ಆಯಿಲ್ ಕೆಲವು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ 30 ಆಗಿಬಿಡಬಹುದು. ಗೇರು ಬೀಳುವಾಗ ಸದ್ದು ಹೆಚ್ಚಿತು, ನ್ಯೂಟ್ರಲ್ ಸಿಗುತ್ತಿಲ್ಲ ಅಂತ ಸವಾರರು ದೂರುವುದರ ಹಿಂದೆ ಅನೇಕ ಸಲ ಇದೇ ಇರುತ್ತದೆ.

ಲ್ಯಾಬಿನಲ್ಲಿ ಆಯಿಲನ್ನು ಡೀಸೆಲ್ ಇಂಜೆಕ್ಟರಿನ ಸಣ್ಣ ರಂಧ್ರದಿಂದ ಭಾರೀ ಒತ್ತಡದಲ್ಲಿ 30 ಸಲ ಹಾಯಿಸಿ, ಆಮೇಲೆ ಮತ್ತೆ ಅದೇ ಗಾಜಿನ ಕೊಳವೆಗೆ ಹಾಕುತ್ತೇವೆ. 40 ಗ್ರೇಡಿನದು 100 ಡಿಗ್ರಿಯಲ್ಲಿ 12.0ಕ್ಕಿಂತ ಕೆಳಗೆ ಬರಬಾರದು ಅನ್ನುತ್ತದೆ ಜಾಸೋ. 30 ಆದರೆ 9.0, 50 ಆದರೆ 15.0. ಗಮನಿಸಿದಿರಾ? 40 ಗ್ರೇಡಿನ ಹೊಸ್ತಿಲು 12.5. ಅಂದರೆ ಪರೀಕ್ಷೆ ಪಾಸಾದ ಆಯಿಲ್ ಕೂಡ ತನ್ನ ಗ್ರೇಡಿನಿಂದ ಸ್ವಲ್ಪ ಕೆಳಗಿಳಿದಿರಬಹುದು. ಹಾಗಾಗಿ ಶೀಟಿನಲ್ಲಿ ‘ಶಿಯರ್ ನಂತರದ ಸ್ನಿಗ್ಧತೆ’, ಅಂದರೆ ಹೀಗೆ ಅರೆದ ಮೇಲಿನ ಸ್ನಿಗ್ಧತೆ, ಎಂಬ ಸಾಲು ಇದೆಯೇ ಹುಡುಕಿ. ಹೊಸದರಲ್ಲಿ 14.1 ಇದ್ದದ್ದು ಪರೀಕ್ಷೆಯ ನಂತರ 13.4 ಇದ್ದರೆ ಅದು ಗಟ್ಟಿ ಪಾಲಿಮರ್. 12.1ಕ್ಕೆ ಇಳಿದಿದ್ದರೆ ಪಾಸೇ, ಆದರೆ ನಾನಾದರೆ ಮೊದಲನೆಯದನ್ನು ಕೊಳ್ಳುತ್ತೇನೆ. ಈ ಸಾಲನ್ನು ಕೊಡುವ ಕಂಪನಿಗಳು ಕಡಿಮೆ. ಕೇಳಿ ಇಮೇಲ್ ಬರೆಯಿರಿ, ಗ್ರಾಹಕರು ಕೇಳಿದರೆ ತಾನೇ ಅವರು ಕೊಡುವುದು.

ಇನ್ನೆರಡು ಅಂಕಿ ನೋಡಿಬಿಡಿ. ಎಚ್‌ಟಿಎಚ್‌ಎಸ್ ಎಂದರೆ 150 ಡಿಗ್ರಿಯಲ್ಲಿ, ಬೇರಿಂಗಿನೊಳಗಿನಂಥ ಭಾರೀ ಉಜ್ಜಾಟದಲ್ಲಿ ಉಳಿಯುವ ಸ್ನಿಗ್ಧತೆ. ಜಾಸೋ ಕೇಳುವ ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್ (ಸೆಂಟಿಸ್ಟೋಕ್ಸ್ ಅಲ್ಲ). ನೋಆಕ್ (Noack) ಎಂದರೆ 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಆವಿಯಾಗಿ ಹೋದ ಪಾಲು. ಇಲ್ಲಿ ಜಾಸೋ ಶೇ. 20ರ ತನಕ ಬಿಡುತ್ತದೆ, ನನಗೆ ಅದು ತೀರ ಧಾರಾಳ ಅನಿಸುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ ನಿಮ್ಮದಾದರೆ, ಟ್ರಾಫಿಕ್ಕಿನಲ್ಲಿ ನಿಂತಾಗ ಆಯಿಲ್ ಬಹಳ ಕಾಯುತ್ತದೆ. ಈ ಅಂಕಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಎಂಜಿನ್ನಿನೊಳಗಿನ ಪರೀಕ್ಷೆ

ಡಬ್ಬದ ಮೇಲಿನ ಎಪಿಐ ಎಸ್‌ಎನ್, ಎಸ್‌ಪಿ ಎಂಬ ದರ್ಜೆಯ ಅಕ್ಷರಗಳು ನಿಜವಾದ ಎಂಜಿನ್ ಓಡಿಸಿ ಪಡೆದವು. ಆದರೆ ಆ ಎಂಜಿನ್‌ಗಳು ಕಾರಿನವು. ಆಯಿಲ್ ಕೆಡುವುದನ್ನು ನೋಡುವ ಸೀಕ್ವೆನ್ಸ್ 3ಎಚ್ ಪರೀಕ್ಷೆಯಲ್ಲಿ 3.6 ಲೀಟರಿನ ವಿ6 ಎಂಜಿನ್ 90 ಗಂಟೆ ಓಡುತ್ತದೆ, ಆಯಿಲ್ ಸುಮಾರು 150 ಡಿಗ್ರಿಯಲ್ಲಿರುತ್ತದೆ. ಕಠಿಣವೇ. ಆದರೂ ಅದರಲ್ಲಿ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಒಳ್ಳೆಯ ತಯಾರಕರು ಅದರಾಚೆಗೆ ಬೈಕಿನ ಎಂಜಿನ್ನನ್ನೇ ಬೆಂಚಿಗೇರಿಸಿ, ಆಮೇಲೆ ರಸ್ತೆಯಲ್ಲೂ ಓಡಿಸುತ್ತಾರೆ. ಓಡಿದ ಮೇಲೆ ಎಂಜಿನ್ ಬಿಚ್ಚಿ, ಕ್ಯಾಮ್ ಎಷ್ಟು ಮೈಕ್ರಾನ್ ಸವೆದಿದೆ ಅಂತ ಅಳೆದು, ಪಿಸ್ಟನ್ನಿನ ರಿಂಗ್ ಕೂರುವ ತೋಡುಗಳಲ್ಲಿ ಕಟ್ಟಿದ ಕರಿಗೆ ಹತ್ತರಲ್ಲಿ ಅಂಕ ಕೊಡುತ್ತೇವೆ. ಹತ್ತು ಅಂದರೆ ಕೊಳೆಯೇ ಇಲ್ಲ. ಅಂಕ ಕೊಡುವವರಿಗೆ ಅದಕ್ಕೇ ತರಬೇತಿ ಇರುತ್ತದೆ, ಬಣ್ಣದ ಮಾದರಿ ಪಕ್ಕಕ್ಕಿಟ್ಟುಕೊಂಡು ದೀಪದ ಕೆಳಗೆ ನೋಡುತ್ತಾರೆ.

ಅಂಗಡಿಗಳಲ್ಲಿ ಬೇರಿಂಗನ್ನು ತಿರುಗುವ ಚಕ್ರಕ್ಕೆ ಒತ್ತಿ ‘ನಮ್ಮ ಆಯಿಲ್ ಹಾಕಿದರೆ ಸವೆಯುವುದಿಲ್ಲ’ ಅಂತ ತೋರಿಸುವ ಪ್ರದರ್ಶನವನ್ನು ನಂಬಿ ಆಯಿಲ್ ಕೊಳ್ಳಬೇಡಿ. ಅಲ್ಲಿ ಎಂಜಿನ್ನಿನ ತಾಪವೂ ಇಲ್ಲ, ಕ್ಲಚ್ಚಿನ ಸುದ್ದಿಯೂ ಇಲ್ಲ. ಎಂಜಿನ್ನಿಗೆ ಒಪ್ಪದ ದ್ರವವೂ ಅದರಲ್ಲಿ ಗೆದ್ದುಬಿಡಬಹುದು.

ನಿಮ್ಮ ಬೈಕಿನಲ್ಲೇ ಪರೀಕ್ಷಿಸಬೇಕೆಂದರೆ

ಬಣ್ಣ ನೋಡಿ ತೀರ್ಮಾನಿಸಬೇಡಿ. ಆಯಿಲ್ ಕಪ್ಪಾಯಿತೆಂದರೆ ಬಹುಪಾಲು ಅದು ಮಸಿಯನ್ನು ಹಿಡಿದಿಟ್ಟುಕೊಂಡಿದೆ ಎಂದೇ ಅರ್ಥ. ಹಳೆಯ ಆಯಿಲಿನ ಮಾದರಿ ಪರೀಕ್ಷಿಸುವ ಲ್ಯಾಬ್‌ಗಳಿವೆ. ಬೈಕನ್ನು ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಡ್ರೈನ್ ಬೋಲ್ಟಿನ ಸುತ್ತ ಒರೆಸಿ ಬಿಚ್ಚಿ. ಮೊದಲು ಸುರಿಯುವುದನ್ನು ಬಿಟ್ಟುಬಿಡಿ, ಕೊನೆಯದೂ ಬೇಡ, ನಡುವಿನ ಧಾರೆಗೆ ಒಣಗಿದ ಶುಭ್ರ ಬಾಟಲಿ ಹಿಡಿಯಿರಿ. ಆಯಿಲಿನ ಹೆಸರು, ಗ್ರೇಡ್, ಅದು ಓಡಿದ ಕಿಲೋಮೀಟರ್ ಬರೆದು ಅಂಟಿಸಿ. ಬಿಸಿ ಆಯಿಲ್ ಕೈ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ವರದಿ ಬಂದಾಗ ಮೊದಲು ಸ್ನಿಗ್ಧತೆ ನೋಡಿ. ಗ್ರೇಡಿನಿಂದ ಕೆಳಗೆ ಬಿದ್ದಿದ್ದರೆ ಒಂದೋ ಗೇರು ಅರೆದಿದೆ, ಇಲ್ಲವೇ ಪೆಟ್ರೋಲ್ ಬೆರೆತಿದೆ. ಇಂಧನದ ಸಾಲು ನೋಡಿದರೆ ಯಾವುದೆಂದು ತಿಳಿಯುತ್ತದೆ. ಕಬ್ಬಿಣ ಹೆಚ್ಚಿದ್ದರೆ ಕ್ಯಾಮ್, ಗೇರು ಅಥವಾ ಕಬ್ಬಿಣದ ಲೈನರ್ ಕಡೆಯಿಂದ, ಅಲ್ಯುಮಿನಿಯಂ ಸಾಮಾನ್ಯವಾಗಿ ಪಿಸ್ಟನ್ ಕಡೆಯಿಂದ ಬಂದಿರುತ್ತದೆ. ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ಮೂಲಕ ಧೂಳು ನುಗ್ಗುತ್ತಿರಬಹುದು, ಜೊತೆಗೆ ಕಬ್ಬಿಣವೂ ಏರಿದ್ದರೆ ಅನುಮಾನವೇ ಬೇಡ. ಹೊಸ ಬೈಕಿನ ಮೊದಲ ಆಯಿಲಿನಲ್ಲಿ ಇವೆಲ್ಲ ಹೆಚ್ಚೇ ಇರುತ್ತವೆ. ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲ ಅದು, ಗ್ಯಾಸ್ಕೆಟ್ ಪೇಸ್ಟಿನಿಂದಲೂ ಸಿಲಿಕಾನ್ ಬರುತ್ತದೆ. ಒಂದೇ ವರದಿ ಹಿಡಿದು ಆಯಿಲ್ ಬದಲಿಸಬೇಡಿ. ಅದೇ ಆಯಿಲ್, ಅಷ್ಟೇ ಕಿಲೋಮೀಟರ್ ಓಡಿಸಿ ಇನ್ನೊಂದು ಮಾದರಿ ಕಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.